ಕೆರೆ ಹೂಳೋ, ಹಳ್ಳದ ಕಟ್ಟವೋ, ಹೊಂಡವೋ, ಬೋರೋ? ಊರೊಟ್ಟಿನ ದುಡ್ಡು ಯಾವ ನೀರಿಗೆ ಹಾಕುವುದು

ಶಿವರಾತ್ರಿ ಹತ್ತಿರ ಬರುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆಯಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. ಹಳ್ಳದ ಗುಂಟ ಹತ್ತು ಹದಿನೈದು ಮನೆ, ಎಲ್ಲ ಸೇರಿ ಇಪ್ಪತ್ತು ಎಕರೆ ಅಡಿಕೆ ತೋಟ, ಮೇಲ್ಗಡೆ ಹೂಳು ತುಂಬಿದ ಕೆರೆ. ಹಳ್ಳ ಫೆಬ್ರವರಿಗೇ ಬತ್ತುತ್ತದೆ. ಕೆರೆ ಹೂಳು ತೆಗೆಸೋಣ ಎಂದು ಒಬ್ಬರು, ಹಳ್ಳಕ್ಕೆ ಕಟ್ಟ ಹಾಕೋಣ ಎಂದು ಇನ್ನೊಬ್ಬರು, ನಾನು ನನ್ನ ಜಾಗದಲ್ಲಿ ಹೊಂಡ ತೋಡಿಸಿಕೊಳ್ಳುತ್ತೇನೆ ಎಂದು ಮತ್ತೊಬ್ಬರು. ಅಷ್ಟರಲ್ಲಿ ಯಾರೋ ಬೋರಿನ ಗಾಡಿಗೆ ಮುಂಗಡ ಕೊಟ್ಟಾಗಿರುತ್ತದೆ. ಕೈಯಲ್ಲಿರುವ ದುಡ್ಡು ಒಂದು ಕೆಲಸಕ್ಕೆ ಮಾತ್ರ ಸಾಲುವಂಥದ್ದು. ಯಾವುದಕ್ಕೆ ಹಾಕಬೇಕು?

ಉತ್ತರ ಹುಡುಕುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಚೀಚೆ ಮಳೆ. ಹೊಸನಗರ, ತೀರ್ಥಹಳ್ಳಿಯ ಬಹುಪಾಲು ಊರುಗಳಲ್ಲಿ ಅದರ ಹತ್ತಿರ ಹತ್ತಿರ ಅರ್ಧದಷ್ಟು ಬೀಳುತ್ತದೆ. ಅಷ್ಟು ಸುರಿದೂ ಮಾರ್ಚ್‌ನಲ್ಲಿ ಬಾವಿಯ ತಳ ಕಾಣುವುದಕ್ಕೆ ಕಾರಣ ನಮ್ಮ ನೆಲದ ರಚನೆ. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಒಂದಿಷ್ಟು ಕೊಳೆತ ಕಲ್ಲು, ಅದರಡಿ ಗಟ್ಟಿ ಬಂಡೆ. ನೀರು ಹಿಡಿಯುವ ಪದರ ಇಷ್ಟೇ. ಆ ಪದರ ಜುಲೈ ಮಧ್ಯಕ್ಕೇ ತುಂಬಿಬಿಡುತ್ತದೆ. ಆಮೇಲೆ ಬಿದ್ದದ್ದೆಲ್ಲ ಮೇಲ್ಮೈಯಲ್ಲೇ ಹರಿದು ಶರಾವತಿಗೋ ತುಂಗೆಗೋ ವರದೆಗೋ ಸೇರುತ್ತದೆ. ತುಂಬಿದ ಪದರವೂ ಇಳಿಜಾರಿನ ಕಾರಣ ಅಕ್ಟೋಬರ್‌ನಿಂದಲೇ ಹಳ್ಳಕ್ಕೆ ಬಸಿಯತೊಡಗುತ್ತದೆ. ಆದ್ದರಿಂದ ಮಲೆನಾಡಿನ ಪ್ರಶ್ನೆ ನೀರು ಎಲ್ಲಿಂದ ತರುವುದು ಎಂಬುದಲ್ಲ, ಬಂದ ನೀರನ್ನು ಮೇ ತಿಂಗಳವರೆಗೆ ಹೇಗೆ ಹಿಡಿದಿಡುವುದು ಎಂಬುದು.

ಅಳೆಯಬೇಕಾದ್ದು ಏನೇನು

ಮೊದಲ ಅಳತೆಗೋಲು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು: ಈ ಕೆಲಸದಿಂದ ಸಿಗುವುದು ಹೊಸ ನೀರೋ, ಪಕ್ಕದವರ ನೀರೋ? ಮಳೆಗಾಲದಲ್ಲಿ ವ್ಯರ್ಥವಾಗಿ ಹರಿದು ಹೋಗುವ ನೀರನ್ನು ತಡೆದು ನಿಲ್ಲಿಸಿದರೆ ಅದು ಹೊಸ ನೀರು. ಡಿಸೆಂಬರ್ ನಂತರ ಹಳ್ಳದಿಂದಲೋ ನೆಲದಡಿಯಿಂದಲೋ ಎತ್ತಿದರೆ ಅದು ಕೆಳಗಿನವರ ಬಾವಿಗೆ ಹೋಗಬೇಕಿದ್ದ ನೀರು.

ಎರಡನೆಯದು, ಏಪ್ರಿಲ್ ಹೊತ್ತಿಗೆ ಎಷ್ಟು ಉಳಿದಿರುತ್ತದೆ. ಅಕ್ಟೋಬರ್‌ನಲ್ಲಿ ತುಂಬಿ ತುಳುಕುವುದು ಮಲೆನಾಡಿನಲ್ಲಿ ದೊಡ್ಡ ಸಂಗತಿಯಲ್ಲ. ಮೂರನೆಯದು ಖರ್ಚು, ಅದನ್ನು ಒಟ್ಟು ಮೊತ್ತವಾಗಿ ನೋಡದೆ ಲಕ್ಷ ಲೀಟರಿಗೆ ಎಷ್ಟು ಬಿತ್ತು ಎಂದು ನೋಡಬೇಕು, ಜೊತೆಗೆ ವರ್ಷ ವರ್ಷದ ದುರಸ್ತಿಯನ್ನೂ ಸೇರಿಸಬೇಕು. ಯಂತ್ರ, ಕೂಲಿ, ಪೈಪಿನ ದರ ಊರಿಂದ ಊರಿಗೆ ಬದಲಾಗುತ್ತದೆ. ಅದಕ್ಕೇ ಇಲ್ಲಿ ಗಂಟೆ, ಚೀಲ, ಲೋಡು, ಲೀಟರಿನ ಲೆಕ್ಕ ಕೊಟ್ಟಿದ್ದೇವೆ. ನಿಮ್ಮೂರಿನ ದರದಿಂದ ಗುಣಿಸಿಕೊಳ್ಳಿ. ಕೊನೆಯದು ಎಷ್ಟು ಜನರ ಒಪ್ಪಿಗೆ ಬೇಕು, ಕೆಟ್ಟರೆ ಸರಿಮಾಡುವವರು ಯಾರು ಎಂಬುದು. ಎಷ್ಟೋ ಒಳ್ಳೆಯ ಕೆಲಸಗಳು ಮೂರನೇ ವರ್ಷಕ್ಕೆ ಹಾಳಾಗುವುದು ಇದನ್ನು ಕೇಳಿಕೊಳ್ಳದೆ ಶುರು ಮಾಡಿದ್ದರಿಂದ.

ಬೇಕಾದ ನೀರು ಎಷ್ಟು

ಎಕರೆಗೆ ಸುಮಾರು 550 ಅಡಿಕೆ ಮರ. ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಅಂದರೆ ಎಕರೆಗೆ ದಿನಕ್ಕೆ 10,000 ಲೀಟರ್. ಪೈಪು ಹಿಡಿದು ಬುಡಕ್ಕೆ ಬಿಡುವ ಪದ್ಧತಿಯಲ್ಲಿ ಮರಕ್ಕೆ ಒಂದು ಸಲಕ್ಕೆ 175 ಲೀಟರ್, ಮಾರ್ಚ್ ನಂತರ ಐದು ದಿನಕ್ಕೊಮ್ಮೆ ಬಿಟ್ಟರೂ ದಿನದ ಸರಾಸರಿ 19,000 ಲೀಟರ್ ಮೀರುತ್ತದೆ. ಜನವರಿ ಮುಗಿಯುವವರೆಗೆ ಕಣಿವೆಯ ತೋಟಕ್ಕೆ ತನ್ನದೇ ತೇವ ಇರುತ್ತದೆ ಎಂದು ಹಿಡಿದರೂ, ಫೆಬ್ರವರಿಯಿಂದ ಮೇ ಮಧ್ಯದವರೆಗಿನ ನೂರು ದಿನಕ್ಕೆ ಎಕರೆಗೆ 10 ಲಕ್ಷ ಲೀಟರ್ ಬೇಕು. ಇದು ಹನಿಯಲ್ಲಿ. ಬುಡಕ್ಕೆ ಬಿಡುವುದಾದರೆ ಅದರ ಹತ್ತಿರ ಹತ್ತಿರ ಎರಡರಷ್ಟು. ಬೇಸಿಗೆ ಭತ್ತಕ್ಕಾದರೆ ಎಕರೆಗೆ 48 ಲಕ್ಷ ಲೀಟರಿಗೆ ಕಡಿಮೆಯಿಲ್ಲ.

ಈ 10 ಲಕ್ಷವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಪ್ರತಿಯೊಂದು ಲೆಕ್ಕವೂ ಇದರ ಮೇಲೇ ನಿಂತಿದೆ. ಇಪ್ಪತ್ತು ಎಕರೆಯ ಊರಿಗೆ 2 ಕೋಟಿ ಲೀಟರ್, ಎಲ್ಲರೂ ಬುಡಕ್ಕೆ ಬಿಡುವವರಾದರೆ 4 ಕೋಟಿ. ಹಾಗಾಗಿ ಊರಲ್ಲಿ ಅರ್ಧ ಜನ ಇನ್ನೂ ಹನಿಗೆ ಬಂದಿಲ್ಲವಾದರೆ ಕೆರೆಗೂ ಮೊದಲು, ಕಟ್ಟಕ್ಕೂ ಮೊದಲು ಅದನ್ನೇ ಮಾಡಿ. ಕೋಟಿ ಲೀಟರ್ ಹಿಡಿಯುವ ಜಾಗ ತೋಡುವುದಕ್ಕಿಂತ ಕೋಟಿ ಲೀಟರ್ ಉಳಿಸುವುದು ಅಗ್ಗ, ಅದಕ್ಕೆ ಯಾರ ಅನುಮತಿಯೂ ಬೇಡ, ಸರ್ಕಾರದ ಸಹಾಯಧನವೂ ಇದೆ.

ಹನಿ ಕೈಕೊಡುವುದು ಹೆಚ್ಚಾಗಿ ಸೋಸುಕದ ವಿಷಯದಲ್ಲಿ. ಹಳ್ಳ ಮತ್ತು ಕೆರೆ ನೀರಿಗೆ ಪಾಚಿ ಇರುತ್ತದೆ, ಬರೀ ಜಾಲರಿ ಫಿಲ್ಟರ್ ಸಾಲದು, ಅದಕ್ಕೆ ಮೊದಲು ಮರಳಿನ ಫಿಲ್ಟರ್ ಬೇಕು. ಜಂಬಿಟ್ಟಿಗೆ ನೆಲದ ನೀರಿಗೆ ಕಬ್ಬಿಣದ ಅಂಶ ಹೆಚ್ಚು. ಗಾಳಿ ತಾಗಿದೊಡನೆ ಅದು ಕೆಂಪು ಲೋಳೆಯಾಗಿ ಡ್ರಿಪ್ಪರ್ ಬಾಯಲ್ಲಿ ಕೂರುತ್ತದೆ. ನೀರನ್ನು ಒಂದು ತೊಟ್ಟಿಗೆ ಎತ್ತರದಿಂದ ಬೀಳಿಸಿ, ಒಂದು ರಾತ್ರಿ ನಿಲ್ಲಿಸಿ ಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಹದಿನೈದು ದಿನಕ್ಕೊಮ್ಮೆ ಲ್ಯಾಟರಲ್‌ಗಳ (ಡ್ರಿಪ್ಪರ್ ಕೂರಿಸಿದ ಸಣ್ಣ ಪೈಪುಗಳ) ತುದಿ ಬಿಚ್ಚಿ ತೊಳೆಯಬೇಕು. ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಇಟ್ಟರೆ ಎರಡೂಕಾಲು ಗಂಟೆಗೆ 18 ಲೀಟರ್ ಸಿಗುತ್ತದೆ. ಒಂದು ಡ್ರಿಪ್ಪರ್ ಕಟ್ಟಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಮರ ತಿಂಗಳಿಂದ ಬಾಯಾರಿರುತ್ತದೆ. ಅದಕ್ಕೇ ಒಂದರ ಬದಲು ಎರಡು.

ಕೆರೆ ಹೂಳು

ಒಂದು ಎಕರೆ ಕೆರೆಯಂಗಳದಲ್ಲಿ ಒಂದು ಅಡಿ ಹೂಳು ತೆಗೆದರೆ 12.3 ಲಕ್ಷ ಲೀಟರ್ ಜಾಗ ಹುಟ್ಟುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಎಕರೆ ತೋಟದ ಬೇಸಿಗೆ. ಇದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಯಾವ ಕೆಲಸದಲ್ಲೂ ಸಿಗುವುದಿಲ್ಲ. ಇನ್ನೊಂದು ಲಾಭ ಯಾರ ಗಮನಕ್ಕೂ ಬರುವುದಿಲ್ಲ: ಬೇಸಿಗೆಯಲ್ಲಿ ಕೆರೆಯಿಂದ ದಿನಕ್ಕೆ ಸುಮಾರು 5 ಮಿ.ಮೀ. ಆವಿಯಾಗುತ್ತದೆ, ನೂರು ದಿನಕ್ಕೆ ಒಂದೂವರೆ ಅಡಿ ಮೀರುತ್ತದೆ. ಮೂರು ಅಡಿ ನೀರಿರುವ ಕೆರೆ ಅರ್ಧ ಭಾಗವನ್ನು ಬಿಸಿಲಿಗೇ ಕೊಡುತ್ತದೆ. ಅದೇ ಕೆರೆ ಆರು ಅಡಿ ಆಳವಾದರೆ ಕಾಲುಭಾಗ ಮಾತ್ರ. ಮೇಲ್ಮೈ ಅಷ್ಟೇ ಇರುವುದರಿಂದ ಆಳಕ್ಕೆ ಸೇರಿದ ನೀರು ಪೂರ್ತಿ ನಿಮ್ಮದೇ.

ಆದರೆ ಕೆಲಸದ ಗಾತ್ರವನ್ನು ಮೊದಲೇ ಕಾಣಬೇಕು. ಐದು ಎಕರೆ ಕೆರೆ, ಮೂರು ಅಡಿ ಹೂಳು ಎಂದರೆ 18,500 ಘನ ಮೀಟರ್. ಗಂಟೆಗೆ 60 ಘನ ಮೀಟರ್ ಎತ್ತುವ ಹಿಟಾಚಿಗೆ 300 ಗಂಟೆಗೂ ಮಿಕ್ಕ ಕೆಲಸ. ದಿನಕ್ಕೆ ಹತ್ತು ಗಂಟೆಯಂತೆ ಒಂದು ತಿಂಗಳು. ಅದೂ ಟಿಪ್ಪರ್ ಸಾಲು ಒಂದು ನಿಮಿಷ ಕಡಿಯದೆ ಇದ್ದರೆ. ಕೆರೆ ಬೇಟೆ (ಊರವರೆಲ್ಲ ಸೇರಿ ಮೀನು ಹಿಡಿಯುವುದು) ಮುಗಿದು ನೀರು ತಳ ಕಂಡ ಏಪ್ರಿಲ್‌ನಿಂದ ರೋಹಿಣಿ ಮಳೆಯವರೆಗೆ ನಿಮಗಿರುವುದು ಏಳು ವಾರ. ನೆಲ ಒಣಗುವುದಕ್ಕೇ ಎರಡು ವಾರ ಬೇಕು. ಇನ್ನು ಅಗೆದ ಮಣ್ಣು ಉಬ್ಬುತ್ತದೆ, 18,500 ಇದ್ದದ್ದು ಲೋಡಿಗೆ ಬರುವಾಗ 22,000 ಘನ ಮೀಟರ್. ತೋಟಕ್ಕೆ ನಾಲ್ಕು ಇಂಚು ಹರಡಿದರೆ ಎಕರೆಗೆ ಹಿಡಿಯುವುದು 400 ಘನ ಮೀಟರ್ ಮಾತ್ರ. ಅಂದರೆ ಇಷ್ಟು ಗೋಡು (ಹೂಳಿನ ಮಣ್ಣು) ಖಾಲಿಯಾಗಲು 55 ಎಕರೆ ಬೇಕು! ಇಪ್ಪತ್ತು ಎಕರೆಯ ಊರು ಇದನ್ನು ಒಂದೇ ವರ್ಷದಲ್ಲಿ ತೆಗೆಯಲು ಹೊರಟರೆ ಮಣ್ಣು ಕೆರೆ ದಂಡೆಯ ಮೇಲೇ ರಾಶಿ ಬೀಳುತ್ತದೆ, ಆರಿದ್ರಾ ಮಳೆಗೆ ವಾಪಸ್ಸು ಕೆರೆಗೇ ಇಳಿಯುತ್ತದೆ. ಮೂರು ಬೇಸಿಗೆಗೆ ಹಂಚಿಕೊಂಡು, ಪ್ರತಿ ವರ್ಷ ಒಂದೊಂದು ಅಡಿ ತೆಗೆಯುವುದೇ ನಮ್ಮ ಸಲಹೆ. ದುಡ್ಡಿಗೂ ಅದೇ ಹಿತ. ಅಡಿಕೆ ಬುಡಕ್ಕೆ ಮಾತ್ರ ಗೋಡನ್ನು ದಪ್ಪ ಏರಿಸಬೇಡಿ. ಜಿಗುಟು ಮಣ್ಣಿನಡಿ ಬೇರಿಗೆ ಉಸಿರಾಡಲು ಆಗುವುದಿಲ್ಲ.

ಹೂಳು ತೆಗೆಯುವಾಗ ಆಗುವ ತಪ್ಪುಗಳು ಮೂರು, ಮೂರೂ ದುಬಾರಿ. ಏರಿಯ ಬುಡದಿಂದ ಮೂವತ್ತು ಅಡಿಯೊಳಗೆ ಅಗೆದರೆ ಏರಿ ಕಾಲು ಜಾರುತ್ತದೆ. ತಳದ ಜೇಡಿ ಪದರವನ್ನೂ ಕಿತ್ತರೆ ಕೆರೆ ಸೋರತೊಡಗುತ್ತದೆ. ಕಪ್ಪು ಗೋಡು ಮುಗಿದು ಬಿಳಿಯೋ ಹಳದಿಯೋ ಬಿಗಿ ಮಣ್ಣು ಬಂದ ಕಡೆ ಯಂತ್ರ ನಿಲ್ಲಬೇಕು. ಆಪರೇಟರ್‌ಗೆ ಅದು ಗೊತ್ತಿರುವುದಿಲ್ಲ, ಊರಿನವರೊಬ್ಬರು ಇಡೀ ದಿನ ಪಕ್ಕದಲ್ಲಿ ನಿಂತಿರಬೇಕು. ಮೂರನೆಯದು ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿ, ಆ ನೀರೂ ಕಾಲುವೆಗೆ ಬರುತ್ತದೆಂದು ಭಾವಿಸುವುದು. ಬರುವುದಿಲ್ಲ. ಅದು ಮೀನಿಗೆ, ಜಾನುವಾರಿಗೆ, ಕೆಳಗಿನ ಬಾವಿಗಳ ಒರತೆಗೆ ಒಳ್ಳೆಯದು. ಆದರೆ ಅಚ್ಚುಕಟ್ಟಿನ ಲೆಕ್ಕಕ್ಕೆ ಸೇರಿಸಬೇಡಿ.

ಕೆರೆ ಖಾಲಿಯಾದ ದಿನವೇ ತೂಬನ್ನೂ ನೋಡಿಬಿಡಿ. ಹಳೆಯ ಕಲ್ಲು ತೂಬಿನ ತೂತಿಗೆ ಸುತ್ತಿದ ಗೋಣಿ ಬಟ್ಟೆ ಕೊಳೆತು, ಕೈಬೆರಳು ತೂರುವಷ್ಟು ಸಂದು ಇರುತ್ತದೆ. ಸೋರಿಕೆ ಎಷ್ಟೆಂದು ತಿಳಿಯಲು, ಕೆರೆಯಲ್ಲಿ ನೀರಿರುವಾಗ ತೂಬು ಮುಚ್ಚಿ ಹೊರಗಡೆ ಕಾಲುವೆಯ ಬಾಯಲ್ಲಿ ಹತ್ತು ಲೀಟರ್ ಬಕೆಟ್ ಹಿಡಿಯಿರಿ. ಹತ್ತು ಸೆಕೆಂಡಿಗೆ ತುಂಬಿದರೆ ಆ ಸಂದಿನಿಂದ ದಿನಕ್ಕೆ 86,000 ಲೀಟರ್ ಹೋಗುತ್ತಿದೆ. ಎಂಟು ಎಕರೆ ತೋಟದ ನೀರು. ಇದಕ್ಕೆ ಬೇಕಾದ್ದು ಒಂದು ಹೊಸ ಕದ, ರಬ್ಬರ್ ಪಟ್ಟಿ ಮತ್ತು ಒಂದು ದಿನದ ಕೆಲಸ. ಹೂಳಿಗೆ ದುಡ್ಡಿಲ್ಲದ ಊರೂ ಇಷ್ಟನ್ನು ಮಾಡಬಹುದು. ಏರಿಯ ಮೇಲಿನ ಹುತ್ತ, ಏಡಿ ಬಿಲ, ದಪ್ಪ ಬೇರಿನ ಮರ ಇವನ್ನೂ ಆಗಲೇ ಗುರುತು ಹಾಕಿ.

ಕೋಡಿಗೆ ಚೀಲ ಪೇರಿಸಿ ಕೆರೆಯನ್ನು ಎತ್ತರಿಸುವ ಯೋಚನೆ ಬಂದರೆ ಅಲ್ಲಿಗೇ ಬಿಡಿ. ಹಿನ್ನೀರಿನಲ್ಲಿ ಮೇಲಿನವರ ಗದ್ದೆ ಮುಳುಗುತ್ತದೆ, ಹೆಚ್ಚಿನ ಒತ್ತಡಕ್ಕೆ ಏರಿ ಒಡೆದರೆ ಕೆಳಗಿನ ತೋಟವೇ ಇರುವುದಿಲ್ಲ.

ಅನುಮತಿಯ ವಿಷಯ: 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿ ವ್ಯವಸ್ಥೆಗೆ, ಅದಕ್ಕೂ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಒತ್ತುವರಿ ಇದ್ದರೆ ಹೂಳಿಗೂ ಮೊದಲು ಸರ್ವೆ ಮಾಡಿಸಿ. ಕೆರೆಯಂಗಳದ ಅಂಚಿನಲ್ಲಿ ಯಾರದೋ ಹತ್ತು ಅಡಿಕೆ ಗಿಡ ಇದ್ದರೆ ಯಂತ್ರ ಬಂದು ನಿಂತ ದಿನವೇ ಜಗಳ ಏಳುತ್ತದೆ, ಗಂಟೆಯ ಬಾಡಿಗೆ ಓಡುತ್ತಿರುತ್ತದೆ.

ಹೂಳು ತೆಗೆದರೂ ಅದು ಮತ್ತೆ ತುಂಬದಿರಬೇಕಾದರೆ ಕೆರೆಯ ಮೇಲಿನ ಗುಡ್ಡ ಕಾಣಬೇಕು. ಸೊಪ್ಪಿನ ಬೆಟ್ಟದಿಂದ ದರಗನ್ನು (ಉದುರಿದ ಒಣ ಎಲೆಯನ್ನು) ನೆಲ ಕಾಣುವಂತೆ ಗುಡಿಸಿ ತಂದರೆ ಮೊದಲ ಮಳೆಗೇ ಮೇಲ್ಮಣ್ಣು ಕೆರೆಗೆ ಬರುತ್ತದೆ. ಕೊಟ್ಟಿಗೆಗೆ ದರಗು ಬೇಕು, ಅದು ನಿಜ. ಆದರೆ ಕೆರೆಯ ಮೇಲಿನ ನೂರು ಅಡಿ ಪಟ್ಟಿಯನ್ನು ಮುಟ್ಟದೆ ಬಿಡುವುದು ಯಾರಿಗೂ ಭಾರವಾಗದು. ಸೊರಬದ ಕಡೆ ಕಾನು (ದಟ್ಟ ಕಾಡು) ಉಳಿದಿರುವ ಊರುಗಳ ಕೆರೆಗಳು ತಡವಾಗಿ ಬತ್ತುವುದು ಸುಮ್ಮನೆ ಅಲ್ಲ. ತಾಳಗುಂದದ ಕಂಬ ಶಾಸನದಲ್ಲಿ ಕದಂಬರ ಕಾಕುಸ್ಥವರ್ಮ ಕೆರೆ ತೋಡಿಸಿದ ಮಾತಿದೆ. ಕೆರೆಯನ್ನು ಬಲ್ಲ ನಾಡು ನಮ್ಮದು, ಅದರ ಮೇಲಿನ ಗುಡ್ಡವನ್ನೂ ಸೇರಿಸಿ ಕೆರೆ ಎಂದು ತಿಳಿದಿದ್ದ ನಾಡು.

ಹಳ್ಳದ ಕಟ್ಟ

ದುಡ್ಡು ಕಡಿಮೆ, ಈ ವರ್ಷವೇ ಫಲ ಬೇಕು ಎನ್ನುವವರಿಗೆ ಇದು. ಆದರೆ ಇದರ ಬಗ್ಗೆ ಉತ್ಸಾಹದಲ್ಲಿ ಹೇಳುವಷ್ಟು ನೀರು ನಿಲ್ಲುವುದಿಲ್ಲ, ಅದನ್ನೂ ಹೇಳಬೇಕು. ನಾಲ್ಕು ಅಡಿ ಎತ್ತರದ ಕಟ್ಟ, ಎಂಟು ಮೀಟರ್ ಅಗಲದ ಹಳ್ಳ, 200 ಮೀಟರಿಗೆ ಒಂದು ಮೀಟರ್ ಇಳಿಜಾರು ಇದ್ದರೆ ಹಿನ್ನೀರು 240 ಮೀಟರ್ ನಿಂತು 11 ಲಕ್ಷ ಲೀಟರ್ ಆಗುತ್ತದೆ. ಇಳಿಜಾರು 50 ಮೀಟರಿಗೆ ಒಂದು ಮೀಟರ್ ಆದರೆ ಅದೇ ಕಟ್ಟಕ್ಕೆ 3 ಲಕ್ಷ ಲೀಟರೂ ಇಲ್ಲ. ಇಪ್ಪತ್ತು ಎಕರೆಗೆ ಹನಿಯಲ್ಲಿ ದಿನಕ್ಕೆ 2 ಲಕ್ಷ ಲೀಟರ್ ಬೇಕಲ್ಲ, ಹಾಗಾದರೆ ಒಳ್ಳೆಯ ಜಾಗದ ಒಂದು ಕಟ್ಟ ಐದಾರು ದಿನದ ನೀರು. ಹಾಗಾಗಿ ಒಂದು ಕಟ್ಟ ಕಟ್ಟಿ ಸುಮ್ಮನಾದರೆ ಪ್ರಯೋಜನವಿಲ್ಲ, ಒಂದೂವರೆ ಕಿಲೋಮೀಟರ್ ಹಳ್ಳದಲ್ಲಿ ಆರು ಕಟ್ಟ ಆಗಬೇಕು. ನಿಜವಾದ ಲಾಭ ಕಣ್ಣಿಗೆ ಕಾಣುವ ನೀರಿನಲ್ಲಿ ಇಲ್ಲ, ದಡದ ಮಣ್ಣು ಎರಡು ತಿಂಗಳು ಹೀರಿಕೊಂಡು ಪಕ್ಕದ ಬಾವಿಗಳನ್ನು ಎತ್ತಿ ಹಿಡಿಯುವುದರಲ್ಲಿದೆ.

ಹತ್ತು ಮೀಟರ್ ಉದ್ದದ ಕಟ್ಟಕ್ಕೆ 450ರಿಂದ 500 ಚೀಲ, ಹತ್ತು ಹನ್ನೆರಡು ಜನರ ಎರಡು ದಿನದ ಕೆಲಸ. ಖಾಲಿ ಸಿಮೆಂಟ್ ಚೀಲಕ್ಕೆ ಮಣ್ಣನ್ನು ಮುಕ್ಕಾಲು ಮಾತ್ರ ತುಂಬಿ. ಬಿಗಿಯಾಗಿ ತುಂಬಿದ ಚೀಲ ಕಲ್ಲಿನಂತೆ ಉರುಟಾಗಿ ನಿಂತು ನಡುವೆ ಸಂದು ಬಿಡುತ್ತದೆ. ಮುಕ್ಕಾಲು ತುಂಬಿದ್ದು ತುಳಿದಾಗ ಪಕ್ಕದ ಚೀಲಕ್ಕೆ ಅಂಟಿ ಕೂರುತ್ತದೆ. ಹಳ್ಳದ ತಳದ ಮರಳು, ಎಲೆ ಎಲ್ಲ ಕೆರೆದು ಬಂಡೆಯೋ ಗಟ್ಟಿ ಮಣ್ಣೋ ಸಿಗುವವರೆಗೆ ಹೋಗಿ. ಮರಳಿನ ಮೇಲೆ ಕಟ್ಟಿದ ಕಟ್ಟ ಅಡಿಯಿಂದಲೇ ಸೋರುತ್ತದೆ. ಬುಡ ಆರೂವರೆ ಅಡಿ, ತಲೆ ಎರಡೂವರೆ ಅಡಿ ಅಗಲ ಇರಲಿ, ಇಟ್ಟಿಗೆ ಸಾಲಿನಂತೆ ಸಂದಿನ ಮೇಲೆ ಸಂದು ಬಾರದಂತೆ ಜೋಡಿಸಿ. ಮೇಲ್ಬದಿಗೆ ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್ ಹಾಳೆ) ಹೊದಿಸಿ, ಅದರ ಅಂಚನ್ನು ತಳದಲ್ಲಿ ಒಂದು ಅಡಿ ಚರಂಡಿ ತೋಡಿ ಜೇಡಿಮಣ್ಣಿನಲ್ಲಿ ಹುಗಿಯಬೇಕು. ಎರಡೂ ತುದಿ ದಡದೊಳಗೆ ಮೂರು ಅಡಿ ಹೋಗಿರಲಿ. ಕಟ್ಟಗಳು ನಡುವೆ ಒಡೆಯುವುದು ಅಪರೂಪ, ತುದಿ ಬಳಸಿ ನೀರು ದಡ ಕೊರೆದು ಹೋಗುವುದೇ ಹೆಚ್ಚು. ನಡುಭಾಗವನ್ನು ಒಂದು ಚೀಲದಷ್ಟು ತಗ್ಗಿಸಿ, ಹೆಚ್ಚಿನ ನೀರು ಅಲ್ಲೇ ಹಾಯಲಿ. ಬುಡದಲ್ಲಿ ಆರು ಇಂಚಿನ ಪಿವಿಸಿ ಪೈಪು ಇಟ್ಟು ಮುಚ್ಚಳ ಹಾಕಿ. ಕೆಳಗಿನವರಿಗೆ ನೀರು ಬಿಡಲು ಅದೇ ತೂಬು.

ಯಾವಾಗ ಕಟ್ಟುವುದು? ವಿಶಾಖ ಮಳೆ ಕಳೆದು, ನವೆಂಬರ್ ಮೂರನೇ ವಾರದ ಹೊತ್ತಿಗೆ ಹಳ್ಳ ಸಣ್ಣದಾಗಿ, ಆದರೆ ಇನ್ನೂ ಹರಿಯುತ್ತಿರುವಾಗ. ಜನವರಿಯಲ್ಲಿ ಕಟ್ಟಿದರೆ ತಡೆಯಲು ಏನೂ ಉಳಿದಿರುವುದಿಲ್ಲ. ಸಾಲು ಕಟ್ಟಗಳಿದ್ದರೆ ಕೆಳಗಿನದನ್ನು ಮೊದಲು ತುಂಬಿಸಿ, ಮೇಲಿನದನ್ನು ಕೊನೆಗೆ. ಹರಿವು ಹೆಚ್ಚಿರುವಾಗ ಕೆಳಗಿನವರದು ಬೇಗ ತುಂಬುತ್ತದೆ, ಮೇಲಿನವರಿಗೆ ಕೊನೆಯ ಸಣ್ಣ ಹರಿವೂ ಸಾಕು. ಇದನ್ನು ತಿರುವುಮುರುವು ಮಾಡಿದ ಹಳ್ಳಗಳಲ್ಲಿ ಎರಡನೇ ವರ್ಷವೇ ರಾತ್ರಿ ಹೊತ್ತು ಚೀಲ ಹರಿಯುತ್ತವೆ.

ಕಿಂಡಿ ಅಣೆಕಟ್ಟು ಇದರದ್ದೇ ಶಾಶ್ವತ ರೂಪ. ವೆಚ್ಚ ಎಷ್ಟೋ ಪಟ್ಟು ಹೆಚ್ಚು, ಇಲಾಖೆಯ ಮೂಲಕವೇ ಆಗಬೇಕಾದ ಕೆಲಸ. ಬಂದರೆ ಒಳ್ಳೆಯದೇ, ಆದರೆ ಹಲಗೆ ಹಾಕುವ, ತೆಗೆಯುವ ಹೊಣೆ ಯಾರದ್ದೆಂದು ಹೆಸರು ಹಾಕಿ ಬರೆದಿಡದೆ ಒಪ್ಪಬೇಡಿ. ಮೇ ಕೊನೆಗೆ ಹಲಗೆ ತೆಗೆಯದೆ ಬಿಟ್ಟ ಅಣೆಕಟ್ಟಿನ ಎರಡೂ ದಡ ಮೃಗಶಿರ ಮಳೆಗೆ ಕೊಚ್ಚಿ ಹೋಗಿ, ಸಿಮೆಂಟಿನ ಗೋಡೆ ಮಾತ್ರ ಹಳ್ಳದ ನಡುವೆ ನಿಂತಿರುತ್ತದೆ.

ತೋಟದೊಳಗಿನ ಬಸಿಗಾಲುವೆಗಳಿಗೂ, ಅಂದರೆ ಕಪ್ಪುಗಳಿಗೂ, ಇದೇ ಮಾತು. ಮಳೆಗಾಲದಲ್ಲಿ ಕಪ್ಪು ಚೊಕ್ಕವಾಗಿ ಹರಿಯಬೇಕು, ಕೊಯ್ಲು ಶುರುವಾಗುವ ಹೊತ್ತಿಗೆ ಅದರ ಬಾಯಿಗೆ ಒಂದು ಅಡಿ ಮಣ್ಣಿನ ತಡೆ ಬೀಳಬೇಕು. ಇದಕ್ಕೆ ಖರ್ಚೇ ಇಲ್ಲ.

ಕೃಷಿ ಹೊಂಡ

ಯಾರ ಒಪ್ಪಿಗೆಗೂ ಕಾಯಬೇಕಿಲ್ಲ ಎಂಬುದೇ ಇದರ ಆಕರ್ಷಣೆ. 21 ಮೀಟರ್ ಚೌಕ, 3 ಮೀಟರ್ ಆಳ, ಗಟ್ಟಿ ಮಣ್ಣಿನಲ್ಲಿ ಒಂದಕ್ಕೊಂದರ ಇಳಿಜಾರು ಕೊಟ್ಟರೆ 9.8 ಲಕ್ಷ ಲೀಟರ್. ಸಡಿಲ ಮಣ್ಣಾದರೆ ಒಂದೂವರೆ ಇಳಿಜಾರು ಬೇಕು, ಆಗ 8.4 ಲಕ್ಷ. ಆವಿ ಕಳೆದರೆ ಒಂದು ಎಕರೆ ತೋಟಕ್ಕಿಂತ ಸ್ವಲ್ಪ ಕಡಿಮೆ. ಬದು ಸೇರಿ ಏಳು ಗುಂಟೆ ಜಾಗ ಹೋಗುತ್ತದೆ. ಒಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಸುಮಾರು 620 ಚದರ ಮೀಟರ್ ಬೇಕು, 500 ಮೈಕ್ರಾನ್‌ಗಿಂತ ತೆಳುವಾದದ್ದನ್ನು ಕೊಳ್ಳಬೇಡಿ. ಜಂಬಿಟ್ಟಿಗೆ ನೆಲದಲ್ಲಿ ಹಾಳೆಯಿಲ್ಲದ ಹೊಂಡ ಡಿಸೆಂಬರ್‌ಗೇ ಖಾಲಿ.

ಮಲೆನಾಡಿನ ಒಂದು ವರ ಇಲ್ಲಿದೆ. 3,000 ಮಿ.ಮೀ. ಮಳೆಯ ಊರಿನಲ್ಲಿ ಹೊಂಡದ ಬಾಯಿಗೆ ನೇರವಾಗಿ ಬೀಳುವ ಮಳೆಯೇ 13 ಲಕ್ಷ ಲೀಟರ್, ಹೊಂಡ ತಾನಾಗಿ ತುಂಬಿ ಮಿಗುತ್ತದೆ. ಶಿಕಾರಿಪುರದ ಪೂರ್ವ ಭಾಗದಂಥ, ಸಾವಿರ ಮಿ.ಮೀ. ಆಸುಪಾಸಿನ ಊರಿನಲ್ಲಿ ಅರ್ಧವೂ ತುಂಬದು, ಮನೆ ಮಾಡಿನ ನೀರೋ ಹೊಲದ ಹರಿವೋ ಸೇರಿಸಬೇಕು. ಹೊಂಡ ಇದ್ದೂ ಕೆಲವರು ಅದನ್ನು ಡಿಸೆಂಬರ್‌ನಲ್ಲಿ ಹಳ್ಳದಿಂದ ಪಂಪು ಹಚ್ಚಿ ತುಂಬಿಸಿಕೊಳ್ಳುತ್ತಾರೆ. ಅದೇ ಹೊಂಡ ಜುಲೈನಲ್ಲಿ ತುಂಬಿದರೆ ಹೊಸ ನೀರು, ಡಿಸೆಂಬರ್‌ನಲ್ಲಿ ತುಂಬಿದರೆ ಕೆಳಗಿನ ಮೂರು ಮನೆಯ ಬಾವಿಯ ನೀರು. ಹೊಂಡಕ್ಕೆ ಊರು ಹಾಕಬೇಕಾದ ನಿಯಮ ಇದೊಂದೇ.

ಇನ್ನೊಂದು ಅಪಾಯ ಬಯಲುಸೀಮೆಯ ಗುತ್ತಿಗೆದಾರರಿಗೆ ಹೊಳೆಯುವುದಿಲ್ಲ. ಕಣಿವೆಯಲ್ಲಿ ಹೊಂಡ ತೋಡಿದರೆ ಆಗಸ್ಟ್‌ನಲ್ಲಿ ಅಂತರ್ಜಲ ನೆಲಮಟ್ಟಕ್ಕೇ ಬಂದಿರುತ್ತದೆ. ಹೊಂಡದಲ್ಲಿ ನೀರು ಕಡಿಮೆಯಿದ್ದರೆ ಅಡಿಯ ಒತ್ತಡಕ್ಕೆ ಹಾಳೆ ಎಮ್ಮೆಯ ಬೆನ್ನಿನಂತೆ ಉಬ್ಬಿ ಮೇಲೇಳುತ್ತದೆ, ಬೆಸುಗೆ ಬಿಡುತ್ತದೆ. ಹೊಂಡವನ್ನು ಎತ್ತರದ ಹಕ್ಕಲಲ್ಲಿ (ತೋಟದ ಮೇಲಿನ ಒಣ ಜಾಗದಲ್ಲಿ) ತೋಡಿ, ಇಲ್ಲವೇ ಹಾಳೆಯಡಿ ಜಲ್ಲಿ ತುಂಬಿದ ಚರಂಡಿ ಮಾಡಿ ಇಳಿಜಾರಿಗೆ ಬಿಡಿ. ಎತ್ತರದಲ್ಲಿದ್ದರೆ ತೋಟಕ್ಕೆ ಪಂಪಿಲ್ಲದೆಯೂ ನೀರು ಇಳಿಯುತ್ತದೆ. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಎರಡು ಹಗ್ಗ ಇಳಿಬಿಟ್ಟಿರಲೇಬೇಕು. ಒದ್ದೆ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಲ್ಲವರೂ ಹತ್ತಿ ಬರಲಾರರು.

ಗುಡ್ಡದ ಅಬ್ಬಿ ನೀರು

ಎತ್ತರದಲ್ಲಿ ವರ್ಷವಿಡೀ ಬತ್ತದ ಒರತೆ ಇರುವ ಮೂರ್ನಾಲ್ಕು ಮನೆಯ ಊರಿಗೆ ಇದಕ್ಕಿಂತ ಬೇರೆ ಯೋಚನೆಯೇ ಬೇಡ. ಹಿಂದೆ ಅಡಿಕೆ ದಂಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ) ತರುತ್ತಿದ್ದದ್ದನ್ನು ಈಗ ಎಚ್‌ಡಿಪಿಇ ಪೈಪಿನಲ್ಲಿ ತರುತ್ತಾರೆ. ಪೈಪಿನ ಗಾತ್ರದಲ್ಲಿ ಜಿಪುಣತನ ಮಾಡಬಾರದು. ಸೆಕೆಂಡಿಗೆ ಒಂದು ಲೀಟರ್ ತರಲು 50 ಮಿ.ಮೀ. ಪೈಪಿನಲ್ಲಿ ನೂರು ಮೀಟರಿಗೆ ಒಂದೂವರೆ ಮೀಟರ್ ಇಳಿತ ಸಾಕು, 40 ಮಿ.ಮೀ. ಆದರೆ ನಾಲ್ಕೂವರೆ ಮೀಟರ್ ಬೇಕು. ದಾರಿಯಲ್ಲಿ ಪೈಪು ಏರಿ ಇಳಿದ ಪ್ರತಿ ದಿಬ್ಬದಲ್ಲೂ ಗಾಳಿ ಕಟ್ಟಿಕೊಳ್ಳುತ್ತದೆ, ಅಲ್ಲೊಂದು ಗಾಳಿ ಕವಾಟ ಇಡಿ. ಒರತೆಯ ನೀರನ್ನು ಪೂರ್ತಿ ಪೈಪಿಗೆ ಹಾಕದೆ ಅರ್ಧ ಹಳ್ಳಕ್ಕೇ ಬಿಡಿ. ಅರಣ್ಯದೊಳಗಿನ ಒರತೆಯಾದರೆ ಇಲಾಖೆಯ ಅನುಮತಿ ಬೇಕೇ ಬೇಕು.

ಬೋರು

ಮಲೆನಾಡಿನ ಬೋರು ಬಂಡೆಯ ಬಿರುಕಿನ ನೀರನ್ನು ಎತ್ತುತ್ತದೆ, ಆ ಬಿರುಕಿಗೆ ನೀರು ಕೊಡುವುದು ಮೇಲಿನ ಅದೇ ಕೊಳೆತ ಕಲ್ಲಿನ ಪದರ. ಅಂದರೆ ತೆರೆದ ಬಾವಿ, ಒರತೆ, ಹಳ್ಳ ಎಲ್ಲಕ್ಕೂ ಒಂದೇ ಕಣಜ. ಬೋರು ಹೊಸ ನೀರನ್ನು ಸೃಷ್ಟಿಸುವುದಿಲ್ಲ, ಇರುವುದನ್ನು ಬೇಗ ಎತ್ತುತ್ತದೆ. ಊರೊಟ್ಟಿನ ದುಡ್ಡು ಇದಕ್ಕೆ ಹೋಗಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ, ಕುಡಿಯುವ ನೀರಿಗೆ ಬೇರೆ ದಾರಿಯೇ ಇಲ್ಲದ ಸಂದರ್ಭ ಬಿಟ್ಟು.

ಒಬ್ಬರೇ ತೋಡಿಸುವುದಾದರೂ ಇಂಚಿನ ಲೆಕ್ಕ ಗೊತ್ತಿರಲಿ. ತಗಡಿನ ವಿ ಕಚ್ಚಿನಲ್ಲಿ ಒಂದು ಇಂಚು ನೀರು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅದರ ಎರಡರಷ್ಟಲ್ಲ, ಐದೂವರೆ ಪಟ್ಟು: 2,900 ಲೀಟರ್. ಮೂರು ಇಂಚು ಹತ್ತಿರ ಹತ್ತಿರ 8,000. ಇಳಿಯುವಾಗಲೂ ಅಷ್ಟೇ ಜೋರು. ನವೆಂಬರ್‌ನಲ್ಲಿ ಎರಡು ಇಂಚು ಕೊಟ್ಟದ್ದು ಏಪ್ರಿಲ್‌ನಲ್ಲಿ ಒಂದಕ್ಕೆ ಬಂದರೆ ಆರು ಗಂಟೆಗೆ ಸಿಗುವುದು 3,000 ಲೀಟರ್, ಮೂರನೇ ಒಂದು ಎಕರೆಯ ನೀರು. ಆದ್ದರಿಂದ ಬೋರು ತೋಡಿಸುವುದಾದರೆ ಮೇ ತಿಂಗಳಲ್ಲೇ ತೋಡಿಸಿ, ಆಗ ಕಂಡದ್ದೇ ಸತ್ಯ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆಯುವಂತಿಲ್ಲ. ಮರುಪೂರಣ ಗುಂಡಿ ಮಾಡುವವರು ತೋಟದ ಹರಿವನ್ನು ಅದಕ್ಕೆ ತಿರುಗಿಸಬೇಡಿ. ಬೋರ್ಡೋ ಸಿಂಪಡಿಸಿದ ತೋಟದ ನೀರಿನಲ್ಲಿ ಮೈಲುತುತ್ತ ಇರುತ್ತದೆ. ಮನೆ ಮಾಡಿನ ನೀರು ಸಾಕು.

ಹಂಚಿಕೆ ಬರೆಯದೆ ಯಾವುದೂ ನಿಲ್ಲದು

5 ಎಚ್‌ಪಿ ಪಂಪು ಕೆರೆಯಿಂದ ಗಂಟೆಗೆ 40,000 ಲೀಟರಿನ ಹತ್ತಿರ ಎತ್ತುತ್ತದೆ. 10 ಎಚ್‌ಪಿವರೆಗೆ ಕರೆಂಟು ಉಚಿತವಾದ್ದರಿಂದ ಆರಿಸಲು ಯಾರಿಗೂ ಅವಸರವಿಲ್ಲ. ಹತ್ತು ಪಂಪು ದಿನಕ್ಕೆ ನಾಲ್ಕು ಗಂಟೆ ಓಡಿದರೆ 16 ಲಕ್ಷ ಲೀಟರ್. ಐದು ಎಕರೆ ಕೆರೆಯಲ್ಲಿ ಒಂದು ಬೇಸಿಗೆ ಕಷ್ಟಪಟ್ಟು ತೆಗೆದ ಒಂದು ಅಡಿ ಹೂಳಿನ ಜಾಗ ನಾಲ್ಕೇ ದಿನಕ್ಕೆ ಖಾಲಿ. ಆದ್ದರಿಂದ ಸರದಿಯನ್ನು ಮನೆಗಿಷ್ಟು ಎಂದಲ್ಲ, ಎಕರೆಗಿಷ್ಟು ನಿಮಿಷ ಎಂದು ಬರೆಯಿರಿ. ಎಕರೆಗೆ 10,000 ಲೀಟರ್ ಎಂದರೆ ಆ ಪಂಪಿಗೆ ಹದಿನೈದು ನಿಮಿಷ.

ಕೆರೆಯ ನಡುವೆ ಅಡಿ ಗುರುತು ಹಾಕಿದ ಕಂಬ ನಿಲ್ಲಿಸಿ ಮೂರು ಗೆರೆ ಎಳೆಯಿರಿ. ಸಂಕ್ರಾಂತಿಗೆ ನೀರು ಮೇಲಿನ ಗೆರೆಗಿಂತ ಕೆಳಗಿದ್ದರೆ ಆ ವರ್ಷ ಬೇಸಿಗೆ ಭತ್ತ ಇಲ್ಲ. ನಡುಗೆರೆಗೆ ಬಂದರೆ ಹನಿಗೆ ಮಾತ್ರ ನೀರು, ಬುಡಕ್ಕೆ ಬಿಡುವುದು ನಿಲ್ಲಬೇಕು. ಕೊನೆಯ ಗೆರೆಯ ಕೆಳಗಿನದು ಜನ, ಜಾನುವಾರಿಗೆ. ಗೆರೆ ಎಲ್ಲಿ ಎಂಬುದನ್ನು ಮಳೆಗಾಲದಲ್ಲೇ, ಕೆರೆ ತುಂಬಿರುವಾಗ ಗೊತ್ತು ಮಾಡಿ. ಮಾರ್ಚ್‌ನಲ್ಲಿ ಕೂತರೆ ಒಬ್ಬರೂ ಒಪ್ಪುವುದಿಲ್ಲ. ಹಿಂದಿನ ನೀರುಗಂಟಿಯ ಕೆಲಸಕ್ಕೆ ಈಗ ತಿಂಗಳ ಸರದಿಯಲ್ಲಿ ಮನೆಗೊಬ್ಬರಂತೆ ನಿಲ್ಲುವುದೂ ಆಗುತ್ತದೆ, ಆದರೆ ಅಚ್ಚುಕಟ್ಟಿನ ತುದಿಯ ಮನೆಯವರ ಕೈಯಲ್ಲಿ ತೂಬಿನ ಕೀಲಿ ಇದ್ದರೆ ಹಂಚಿಕೆ ಚೆನ್ನಾಗಿ ನಡೆಯುತ್ತದೆ. ನೀರು ತಮಗೆ ತಲುಪಬೇಕಾದರೆ ಅವರು ದಾರಿಯುದ್ದಕ್ಕೂ ನೋಡಲೇಬೇಕು.

ನಿಮ್ಮದು ಯಾವ ಊರು

ಕೆರೆಯಿದೆ, ಹದಿನೈದು ಮನೆ ಒಂದು ಮಾತಿಗೆ ಬರಬಲ್ಲವು ಎಂದಾದರೆ ಈ ಬೇಸಿಗೆ ತೂಬು ಮತ್ತು ಒಂದು ಅಡಿ ಹೂಳು, ಜೊತೆಗೆ ಹನಿ. ಕೆರೆಯಿಲ್ಲ, ಹಳ್ಳ ಚಪ್ಪಟೆಯಾಗಿದೆ ಎಂದರೆ ಸಾಲು ಕಟ್ಟ. ಹಳ್ಳ ಕಡಿದಾಗಿದ್ದರೆ ಕಟ್ಟದ ಆಸೆ ಬಿಟ್ಟು ಹಕ್ಕಲಿನಲ್ಲಿ ಇಬ್ಬಿಬ್ಬರು ಸೇರಿ ಹೊಂಡ. ಒಂಟಿ ಮನೆಗೆ ಅಬ್ಬಿ, ಅದಿಲ್ಲವಾದರೆ ಹೊಂಡ. ಶಿಕಾರಿಪುರ, ಸೊರಬದ ಅರೆಮಲೆನಾಡಿನಲ್ಲಿ ಮಳೆ ಕಡಿಮೆ, ಕೆರೆ ದೊಡ್ಡವು. ಅಲ್ಲಿ ಹೊಂಡಕ್ಕಿಂತ ಕೆರೆಗೇ ದುಡ್ಡು ಹಾಕಿ, ಬೇಸಿಗೆ ಭತ್ತವನ್ನು ಕೆರೆಯ ಗೆರೆಗೆ ಕಟ್ಟಿಹಾಕಿ.

ಇನ್ನೂ ತೀರ್ಮಾನಕ್ಕೆ ಬಾರದವರು ಒಂದು ವರ್ಷ ಬರೀ ಅಳತೆ ಮಾಡಬಹುದು. ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ಈ ನಾಲ್ಕು ದಿನ ಹಳ್ಳದ ಒಂದೇ ಜಾಗದಲ್ಲಿ ಪೈಪು ಇಟ್ಟು ಬಕೆಟ್ ತುಂಬುವ ಸೆಕೆಂಡು ಎಣಿಸಿ, ಮೇಲಿನ ಒಂದು ಬಾವಿ, ಕೆಳಗಿನ ಒಂದು ಬಾವಿಯ ನೀರಿನ ಮಟ್ಟ ಹಗ್ಗದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ಹಿಡಿದು ಮುಂದಿನ ಭೂಮಿ ಹುಣ್ಣಿಮೆಗೆ ಊರು ಕೂರಲಿ. ಆಗ ಕಟ್ಟದ ಚೀಲ ಹೊಲಿಸಲು ನವೆಂಬರ್ ಮೂರನೇ ವಾರಕ್ಕೆ ಇನ್ನೂ ನಾಲ್ಕೈದು ವಾರ ಕೈಯಲ್ಲಿರುತ್ತದೆ.